ಸುಳ್ಳು ಕಿಡಿ, ನಿಜವಾದ ಬೆಂಕಿ

ಅಮೆರಿಕದ ಫೋರ್ಡ್ ಕಂಪನಿಯ ಪಿಂಟೊ ಕಾರು ರಸ್ತೆಯಿಂದ ಮರೆಯಾಗಿ ದಶಕಗಳೇ ಕಳೆದಿದ್ದರೂ ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಾಠಗಳಲ್ಲಿ ಅದರ ಹೆಸರು ಉಳಿದುಕೊಂಡಿದೆ. ಅದನ್ನು ಉಳಿಸಿದ್ದು ಮಾರ್ಕ್ ಡೌವಿ ಬರೆದ ಒಂದು ತನಿಖಾ ಲೇಖನ. ಸ್ಯಾನ್ ಫ್ರಾನ್ಸಿಸ್ಕೊದ ‘ಮದರ್ ಜೋನ್ಸ್’ ಪತ್ರಿಕೆ ಅದನ್ನು 1977ರ ಸೆಪ್ಟೆಂಬರ್–ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟಿಸಿತು. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಹಿಂದಿನ ಆಕ್ಸಲ್‌ಗೂ ಬಂಪರ್‌ಗೂ ನಡುವೆ. ಹಿಂದಿನಿಂದ ಬೇರೊಂದು ವಾಹನ ಗುದ್ದಿದರೆ ಟ್ಯಾಂಕ್ ಒತ್ತಿಕೊಂಡು, ಸೀಳಿ, ಪೆಟ್ರೋಲ್ ಚೆಲ್ಲಿ ಬೆಂಕಿ ಹತ್ತುವ ಅಪಾಯವಿತ್ತು. ಇದು ಗೊತ್ತಿದ್ದೂ ಕಂಪನಿ ಅಲ್ಪ ಖರ್ಚಿನ ಮಾರ್ಪಾಡನ್ನು ಮಾಡಲಿಲ್ಲ ಎಂಬುದು ಲೇಖನದ ಆರೋಪ. ಆರೋಪದ ತಿರುಳು ಗಟ್ಟಿಯಾಗಿತ್ತು. ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ನಡೆಸಿತು. 1978ರ ಜೂನ್‌ನಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ರಿಪೇರಿಗೆಂದು ವಾಪಸ್ ಕರೆಯಿತು. ಆದರೆ ಅದೇ ಲೇಖನ ಕೊಟ್ಟ ಸಾವಿನ ಲೆಕ್ಕ ಬೇರೆಯದೇ ಕಥೆ. ಈ ಬೆಂಕಿಗೆ ಸತ್ತವರು ಕಡಿಮೆ ಎಂದರೂ 500, ಹೆಚ್ಚೆಂದರೆ 900 ಎಂದು ಅದು ಬರೆದಿತ್ತು. ಸುರಕ್ಷತಾ ಸಂಸ್ಥೆ 1978ರಲ್ಲಿ ಹಿಂಬದಿ ಢಿಕ್ಕಿಯಿಂದ ಬೆಂಕಿ ಬಿದ್ದ ಪಿಂಟೊ ಪ್ರಕರಣಗಳನ್ನು ಕಲೆಹಾಕಿದಾಗ ಸಿಕ್ಕ ಸಾವುಗಳು 27.

ಲೇಖನದಿಂದ ಜನಪ್ರಿಯವಾದ ಇನ್ನೊಂದು ಸಂಗತಿ, ಫೋರ್ಡ್‌ನ ಒಳಗಿನ ಒಂದು ಟಿಪ್ಪಣಿ. ವಾಹನವೊಂದಕ್ಕೆ 11 ಡಾಲರ್‌ನಂತೆ 1.25 ಕೋಟಿ ವಾಹನಗಳಿಗೆ 13.7 ಕೋಟಿ ಡಾಲರ್ ಖರ್ಚು. ಉಳಿಯುವ 180 ಜೀವಗಳಿಗೆ ತಲಾ 2 ಲಕ್ಷ ಡಾಲರ್ ಬೆಲೆ ಕಟ್ಟಿ, ಗಾಯ ಮತ್ತು ಸುಟ್ಟ ವಾಹನಗಳನ್ನೂ ಸೇರಿಸಿದರೆ ಬರುವ ಲಾಭ 4.95 ಕೋಟಿ ಡಾಲರ್. ಇಷ್ಟು ಓದಿದವರೆಲ್ಲ, ಪಿಂಟೊ ಕೊಂಡವರನ್ನು ಸುಡಲು ಬಿಡುವುದೇ ಅಗ್ಗವೆಂದು ಫೋರ್ಡ್ ಲೆಕ್ಕ ಹಾಕಿತು ಎಂದೇ ತಿಳಿದರು. ಆ ಟಿಪ್ಪಣಿಯಾದರೋ ಪಿಂಟೊ ಕುರಿತದ್ದಾಗಿರಲಿಲ್ಲ, ಹಿಂಬದಿ ಢಿಕ್ಕಿಯ ಕುರಿತದ್ದೂ ಆಗಿರಲಿಲ್ಲ. ವಾಹನ ಉರುಳಿಬಿದ್ದಾಗ ಪೆಟ್ರೋಲ್ ಸೋರದಂತೆ ತಡೆಯುವ ಉದ್ದೇಶಿತ ನಿಯಮದ ಬಗ್ಗೆ, ದೇಶದ ಎಲ್ಲ ಕಂಪನಿಗಳ ಕಾರು ಮತ್ತು ಸಣ್ಣ ಟ್ರಕ್‌ಗಳನ್ನು ಗಮನದಲ್ಲಿಟ್ಟು 1973ರಲ್ಲಿ ಸಿದ್ಧಪಡಿಸಿ ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕ ಅದು. ಜೀವಕ್ಕೆ 2 ಲಕ್ಷ ಎಂಬ ಅಂಕಿ ಕೂಡ ಸುರಕ್ಷತಾ ಸಂಸ್ಥೆಯದೇ ಅಧ್ಯಯನದಿಂದ ಎತ್ತಿಕೊಂಡದ್ದು. ಈ ವ್ಯತ್ಯಾಸವನ್ನು ಕೂಲಂಕಷವಾಗಿ ಬಿಡಿಸಿ ಬರೆದವರು ಕಾನೂನು ಪ್ರಾಧ್ಯಾಪಕ ಗ್ಯಾರಿ ಶ್ವಾರ್ಟ್ಸ್. ಅದೂ 1991ರಲ್ಲಿ, ಒಂದು ಕಾನೂನು ನಿಯತಕಾಲಿಕದಲ್ಲಿ. ಲೇಖನ ಬಂದು 14 ವರ್ಷ ಕಳೆದಿತ್ತು. ಪಿಂಟೊದ ಟ್ಯಾಂಕ್ ಸುರಕ್ಷಿತವಾಗಿತ್ತೆಂದು ಶ್ವಾರ್ಟ್ಸ್ ಹೇಳಲಿಲ್ಲ. ಹಿಂಬದಿ ಢಿಕ್ಕಿಯ ಬೆಂಕಿಯಲ್ಲಿ ಅದರ ದಾಖಲೆ ಕೆಟ್ಟದ್ದೇ ಎಂದು ಒಪ್ಪಿದರು. ದೋಷ ನಿಜ, ಅದಕ್ಕೆ ಕೊಟ್ಟ ಲೆಕ್ಕ ತಪ್ಪು. ಈ ಎರಡೂ ಮಾತನ್ನು ಒಟ್ಟಿಗೆ ಹೇಳಬಲ್ಲ ತಿದ್ದುಪಡಿ ಸುದ್ದಿಮನೆಗಳಿಂದ ಬರಲಿಲ್ಲ.

ಮುಂದಿನ ಮೂವತ್ತು ವರ್ಷಗಳ ಅಮೆರಿಕದ ವಾಹನ ಪತ್ರಿಕೋದ್ಯಮವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ತಪ್ಪು ಬೇಗ ತಿದ್ದಿಕೊಂಡಿತು, ಯಾವುದು ಹಾಗೇ ಉಳಿಯಿತು ಎಂಬುದನ್ನು ತಪ್ಪಿನ ಗಾತ್ರ ನಿರ್ಧರಿಸಲಿಲ್ಲ. ತಿದ್ದಿ ಎಂದು ಬಂದು ಬಾಗಿಲು ಬಡಿದವರ ಬಲ ನಿರ್ಧರಿಸಿತು. ಹಾಗೆ ನಿರ್ಧಾರವಾದಾಗ ನಷ್ಟವಾದದ್ದು ಕಂಪನಿಗಿಂತ ಹೆಚ್ಚಾಗಿ, ಆ ವಾಹನಗಳಲ್ಲಿ ಕೂತು ಓಡಾಡುತ್ತಿದ್ದ ಜನರಿಗೆ. ವರದಿಯಲ್ಲಿ ಅಂಕಿ ತಿದ್ದುವುದು, ದೃಶ್ಯ ಹಿಂಪಡೆಯುವುದು ಕಂಪನಿಗಳಿಗೆ ತೋರುವ ಸೌಜನ್ಯ ಎಂದು ಭಾವಿಸುವವರು ಈ ಇತಿಹಾಸದಲ್ಲಿ ಯಾರು ಯಾವುದಕ್ಕೆ ಬೆಲೆ ತೆತ್ತರು ಎಂದು ನೋಡಬೇಕು.

ಔಡಿ 5000 ಕಾರಿನ ಪ್ರಕರಣ ಇದಕ್ಕೆ ಮೊದಲ ಸಾಕ್ಷಿ. ಕಾರು ನಿಂತಲ್ಲಿಂದ ತಾನಾಗಿಯೇ ಧಾವಿಸುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ ಎಂಬ ದೂರುಗಳು 1980ರ ದಶಕದಲ್ಲಿ ಬಂದವು. ಜೀವಗಳೂ ಹೋಗಿದ್ದವು. 1986ರ ನವೆಂಬರ್ 23ರಂದು ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ ಈ ದೂರುದಾರರನ್ನು ತೋರಿಸಿತು. ಜೊತೆಗೆ ಆಕ್ಸಿಲರೇಟರ್ ಪೆಡಲ್ ಯಾರೂ ಮುಟ್ಟದೆ ತಾನೇ ಕೆಳಗಿಳಿಯುವ ದೃಶ್ಯವನ್ನೂ ತೋರಿಸಿತು. ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಆ ಪೆಡಲ್. ಅದು ಇಳಿಯಲು ಮಾಡಿದ್ದ ಸಿದ್ಧತೆಯನ್ನು ಮಾತ್ರ ವೀಕ್ಷಕರಿಗೆ ತೋರಿಸಿರಲಿಲ್ಲ: ಔಡಿ ವಿರುದ್ಧದ ಮೊಕದ್ದಮೆಗಳಲ್ಲಿ ಸಾಕ್ಷಿ ನುಡಿಯುತ್ತಿದ್ದ ತಜ್ಞರೊಬ್ಬರು ಟ್ರಾನ್ಸ್‌ಮಿಷನ್‌ಗೆ ರಂಧ್ರ ಕೊರೆದು, ಕೊಳವೆಯ ಮೂಲಕ ಸಿಲಿಂಡರ್‌ನಿಂದ ಒತ್ತಡದ ಗಾಳಿ ಹಾಯಿಸಿದ್ದರು. ರಸ್ತೆಯಲ್ಲಿ ಓಡುವ ಯಾವ ಔಡಿಯಲ್ಲೂ ಆ ಸಿಲಿಂಡರ್ ಇರಲಿಲ್ಲ. 1989ರಲ್ಲಿ ಸುರಕ್ಷತಾ ಸಂಸ್ಥೆಗಾಗಿ ಎಂಜಿನಿಯರುಗಳು ಹಲವು ಮಾದರಿಯ ಕಾರುಗಳನ್ನು ಪರೀಕ್ಷಿಸಿ ವರದಿ ಕೊಟ್ಟರು. ಸುಸ್ಥಿತಿಯ ಬ್ರೇಕನ್ನು ನಿಜವಾಗಿ ಒತ್ತಿದರೆ ಎಂಜಿನ್ ಅದನ್ನು ಮೀರಲಾರದು. ಬಹುಪಾಲು ಪ್ರಕರಣಗಳಲ್ಲಿ ಚಾಲಕರ ಕಾಲು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಮೇಲೆ ಇಳಿದಿತ್ತು ಎಂಬುದು ಅವರ ತೀರ್ಮಾನ. ಕಂಪನಿಗೂ ಪೂರ್ತಿ ಖುಲಾಸೆ ಸಿಗಲಿಲ್ಲ: ನಿಂತಾಗ ಎಂಜಿನ್ ವೇಗ ಸ್ವಲ್ಪ ಏರಿ ಚಾಲಕರನ್ನು ಬೆಚ್ಚಿಬೀಳಿಸುವ ದೋಷ, ಪೆಡಲ್‌ಗಳನ್ನು ಜೋಡಿಸಿದ ಬಗೆ, ಇವು ಗಲಿಬಿಲಿಗೆ ಕಾರಣವಾಗಬಲ್ಲವು ಎಂದೂ ವರದಿ ಗುರುತಿಸಿತು.

ಈ ತೀರ್ಮಾನ ಸರಿಯಾಗಿದ್ದುದರ ಬೆಲೆ ಪರಿಹಾರದಲ್ಲಿ ಕಾಣಿಸುತ್ತದೆ. ಕಾಲು ತಪ್ಪಿದ್ದೇ ಮೂಲವೆಂದಾದರೆ, ಬ್ರೇಕ್ ಒತ್ತದ ಹೊರತು ಗೇರ್ ‘ಪಾರ್ಕ್’ನಿಂದ ಕದಲದಂತೆ ಒಂದು ಬೀಗ ಇಟ್ಟರಾಯಿತು. ಔಡಿ 1987ರಲ್ಲಿ ಹಳೆಯ ಕಾರುಗಳಿಗೂ ಅದನ್ನು ಅಳವಡಿಸಿತು. ದೂರುಗಳು ಗಣನೀಯವಾಗಿ ಇಳಿದವು. ಇಂದು ಆಟೊಮ್ಯಾಟಿಕ್ ಕಾರು ಓಡಿಸುವ ಯಾರಿಗೂ ಆ ಬೀಗ ಹೊಸದಲ್ಲ, ಅಮೆರಿಕದಲ್ಲಿ ಈಗ ಅದು ಕಡ್ಡಾಯ. ಪೆಡಲ್ ತಾನೇ ಇಳಿಯುತ್ತದೆ ಎಂಬ ದೃಶ್ಯವನ್ನು ನಂಬಿ ಹೊರಟವರು ಟ್ರಾನ್ಸ್‌ಮಿಷನ್‌ನೊಳಗೆ ಇಲ್ಲದ ದೋಷವನ್ನು ಹುಡುಕುತ್ತಲೇ ಇರಬೇಕಾಗಿತ್ತು. ಅಷ್ಟು ಕಾಲವೂ ಗ್ಯಾರೇಜಿನ ಮುಂದೆ ಮಕ್ಕಳು ನಿಂತಿರುತ್ತಿದ್ದರು. ತಪ್ಪು ವರದಿ ತಪ್ಪು ರಿಪೇರಿಯತ್ತ ಒಯ್ಯುತ್ತದೆ ಎಂಬುದು ವಾಹನಗಳ ಮಟ್ಟಿಗೆ ಅಕ್ಷರಶಃ ನಿಜ. ಅಮೆರಿಕದಲ್ಲಿ ಔಡಿ ಮಾರಾಟ 1985ರಲ್ಲಿ 74,000 ಇದ್ದದ್ದು 1991ರಲ್ಲಿ ಸುಮಾರು 12,000ಕ್ಕೆ ಕುಸಿಯಿತು. ಸಿಬಿಎಸ್ ಮಾತ್ರ ಆ ದೃಶ್ಯವನ್ನು ತೋರಿಸಿದಷ್ಟೇ ಎದ್ದುಕಾಣುವಂತೆ ಹಿಂಪಡೆಯಲಿಲ್ಲ. ಔಡಿ ಮೊದಲಿನಿಂದಲೂ ಚಾಲಕರ ಮೇಲೆಯೇ ಬೆರಳು ತೋರಿಸುತ್ತ ಬಂದು ಜನರ ಸಹಾನುಭೂತಿ ಕಳೆದುಕೊಂಡಿತ್ತು. ವಾಹಿನಿಯನ್ನು ಮಣಿಸುವಂಥ ಒತ್ತಡವನ್ನೂ ಅದು ತರಲಿಲ್ಲ.

ಒತ್ತಡ ತಂದದ್ದು ಜನರಲ್ ಮೋಟಾರ್ಸ್, ಆರು ವರ್ಷಗಳ ನಂತರ. 1973ರಿಂದ 1987ರವರೆಗೆ ಆ ಕಂಪನಿ ತಯಾರಿಸಿದ ದೊಡ್ಡ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕುಗಳನ್ನು ಕತ್ತೆಯ ಬೆನ್ನಿನ ಎರಡೂ ಬದಿಗೆ ಮೂಟೆ ಇಳಿಬಿಟ್ಟಂತೆ ಷಾಸಿಯ ಉಕ್ಕಿನ ಚೌಕಟ್ಟಿನಿಂದ ಹೊರಗೆ ಕೂರಿಸಲಾಗಿತ್ತು. ಪಕ್ಕದಿಂದ ಗುದ್ದಿದ ವಾಹನಕ್ಕೂ ಟ್ಯಾಂಕಿಗೂ ನಡುವೆ ಇದ್ದದ್ದು ಬಾಡಿಯ ತಗಡು ಮಾತ್ರ. ಮುಂದಿನ ಮಾದರಿಯಲ್ಲಿ ಕಂಪನಿಯೇ ಟ್ಯಾಂಕನ್ನು ಚೌಕಟ್ಟಿನ ಒಳಕ್ಕೆ ಸರಿಸಿತು. ಬೆಂಕಿಗೆ ಬಲಿಯಾದವರ ಕುಟುಂಬಗಳು ನ್ಯಾಯಾಲಯಗಳಿಗೆ ಹೋಗಿದ್ದವು. 1992ರ ನವೆಂಬರ್ 17ರಂದು ಎನ್‌ಬಿಸಿ ವಾಹಿನಿಯ ‘ಡೇಟ್‌ಲೈನ್’ ಕಾರ್ಯಕ್ರಮ ಸುಮಾರು 15 ನಿಮಿಷಗಳ ವರದಿ ಪ್ರಸಾರ ಮಾಡಿತು. ದಾಖಲೆಗಳು, ಸಂತ್ರಸ್ತರು, ಹಿಂದಿನ ಪರೀಕ್ಷೆಗಳು ಎಲ್ಲ ಅದರಲ್ಲಿದ್ದವು. ಕೊನೆಗೆ ಒಂದು ನಿಮಿಷದ ಮಟ್ಟಿಗೆ, ವಾಹಿನಿಯೇ ಇಂಡಿಯಾನಾದಲ್ಲಿ ಏರ್ಪಡಿಸಿದ್ದ ಢಿಕ್ಕಿಯ ದೃಶ್ಯ: ಕಾರೊಂದು ಪಿಕಪ್‌ನ ಪಕ್ಕಕ್ಕೆ ಬಡಿಯುತ್ತದೆ, ಜ್ವಾಲೆ ಏಳುತ್ತದೆ.

ಆ ಜ್ವಾಲೆಯನ್ನು ಮೊದಲು ಅನುಮಾನಿಸಿದವರು ಯಂತ್ರಗಳ ಹುಚ್ಚಿದ್ದ ಓದುಗರು. ‘ಪಾಪ್ಯುಲರ್ ಹಾಟ್ ರಾಡಿಂಗ್’ ಎಂಬ ಹವ್ಯಾಸಿಗಳ ಮಾಸಿಕದ ಸಂಪಾದಕ ಪೀಟ್ ಪೆಸ್ಟೆರ್ ವರದಿಯನ್ನು ಟೀಕಿಸಿ ಬರೆದಾಗ, ಆ ಪರೀಕ್ಷೆಯ ಹಿಂದೆ ಏನು ನಡೆದಿತ್ತೆಂಬ ಸುಳಿವು ಓದುಗರ ಕಡೆಯಿಂದ ಅವರಿಗೆ ಬಂತು. ಅವರಿಂದ ಅದು ಕಂಪನಿಗೆ ತಲುಪಿತು. ಪರೀಕ್ಷಿಸಿದ ವಾಹನಗಳನ್ನು ನೋಡಬೇಕೆಂದು ಕಂಪನಿ ಕೇಳಿದ್ದಾಗ, ಅವು ಗುಜರಿಗೆ ಹೋಗಿವೆ, ಇನ್ನು ಸಿಗುವುದಿಲ್ಲ ಎಂಬ ಉತ್ತರ ಬಂದಿತ್ತು. ಕಂಪನಿಯ ತನಿಖೆದಾರರು ಇಂಡಿಯಾನಾಪೊಲಿಸ್ ಸುತ್ತಲಿನ ಗುಜರಿಗಳನ್ನು ಜಾಲಾಡಿ ಆ ಪಿಕಪ್‌ಗಳನ್ನು ಪತ್ತೆಹಚ್ಚಿದರು. 1993ರ ಫೆಬ್ರವರಿ 8ರಂದು ಕಂಪನಿಯ ಮುಖ್ಯ ವಕೀಲ ಹ್ಯಾರಿ ಪಿಯರ್ಸ್ ಡೆಟ್ರಾಯಿಟ್‌ನಲ್ಲಿ ಪತ್ರಕರ್ತರ ಮುಂದೆ ಒಂದೊಂದಾಗಿ ಇಟ್ಟ ಸಂಗತಿಗಳು ಇವು: ಪಿಕಪ್‌ನ ಅಡಿಗೆ ಆಟಿಕೆ ರಾಕೆಟ್‌ಗಳ ಮದ್ದಿನ ಕೊಳವೆಗಳನ್ನು ಕಟ್ಟಿ, ಢಿಕ್ಕಿಯ ಕ್ಷಣಕ್ಕೆ ದೂರದಿಂದ ಹೊತ್ತಿಸಲಾಗಿತ್ತು, ಟ್ಯಾಂಕ್‌ನ ಮುಚ್ಚಳ ಅದಕ್ಕೆ ಹೊಂದುವಂಥದ್ದಾಗಿರಲಿಲ್ಲ, ವರದಿ ಹೇಳಿದ್ದಕ್ಕಿಂತ ಕಾರಿನ ವೇಗ ಹೆಚ್ಚಿತ್ತು, ಸಿಡಿಯಿತೆಂದು ಬಿಂಬಿಸಿದ ಟ್ಯಾಂಕ್‌ನ ಎಕ್ಸ್‌ರೇಯಲ್ಲಿ ತೂತು ಕಾಣಲಿಲ್ಲ. ಅದೇ ದಿನ ಮಾನಹಾನಿ ದಾವೆ ದಾಖಲಾಯಿತು. ಮರುದಿನವೇ ಡೇಟ್‌ಲೈನ್ ನಿರೂಪಕರಾದ ಸ್ಟೋನ್ ಫಿಲಿಪ್ಸ್ ಮತ್ತು ಜೇನ್ ಪಾಲಿ ಪರದೆಯ ಮೇಲೆ ಕ್ಷಮೆ ಕೇಳಿದರು. ಕಂಪನಿಯ ತನಿಖಾ ವೆಚ್ಚವಾಗಿ ಸುಮಾರು 20 ಲಕ್ಷ ಡಾಲರ್ ಕೊಡಲು ವಾಹಿನಿ ಒಪ್ಪಿ ದಾವೆ ಬಗೆಹರಿಯಿತು. ಮಾರ್ಚ್‌ನಲ್ಲಿ ಎನ್‌ಬಿಸಿ ಸುದ್ದಿ ವಿಭಾಗದ ಅಧ್ಯಕ್ಷ ಮೈಕಲ್ ಗಾರ್ಟ್‌ನರ್ ರಾಜೀನಾಮೆ ಕೊಟ್ಟರು.

ಇಷ್ಟಕ್ಕೆ ಕಥೆ ನಿಲ್ಲಿಸುವವರು ಬಹಳ. ಪತ್ರಿಕೋದ್ಯಮದ ಪಾಠಗಳಲ್ಲೂ ಇದು ಇಷ್ಟೇ ಬರುತ್ತದೆ. ಮುಖ್ಯವಾದದ್ದು ಇದರಾಚೆ ಇದೆ. ಪಿಯರ್ಸ್ ಪತ್ರಿಕಾಗೋಷ್ಠಿಗೆ ನಾಲ್ಕು ದಿನ ಮೊದಲು, ಅಟ್ಲಾಂಟಾದ ನ್ಯಾಯಾಲಯವೊಂದರಲ್ಲಿ ಜ್ಯೂರಿಯು ಇದೇ ಪಿಕಪ್‌ನ ಬೆಂಕಿಯಲ್ಲಿ ಸತ್ತ ಹದಿಹರೆಯದ ಹುಡುಗನ ತಂದೆತಾಯಿಗೆ 10 ಕೋಟಿ ಡಾಲರ್‌ಗೂ ಮೀರಿದ ಪರಿಹಾರ ವಿಧಿಸಿತ್ತು. ಮುಂದೆ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು, ಆದರೆ ಆ ವಾರ ದೇಶ ಮಾತಾಡಬೇಕಿದ್ದದ್ದು ಟ್ಯಾಂಕ್ ಎಲ್ಲಿದೆ ಎಂಬುದರ ಬಗ್ಗೆ. ಮಾತಾಡಿದ್ದು ರಾಕೆಟ್ ಮದ್ದಿನ ಬಗ್ಗೆ. ಸ್ವಯಂಪ್ರೇರಿತವಾಗಿ ವಾಹನಗಳನ್ನು ವಾಪಸ್ ಕರೆಸಿಕೊಳ್ಳಿ ಎಂದು ಸುರಕ್ಷತಾ ಸಂಸ್ಥೆ 1993ರ ಏಪ್ರಿಲ್‌ನಲ್ಲಿ ಕೇಳಿತು, ಕಂಪನಿ ಒಪ್ಪಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಸಾರಿಗೆ ಸಚಿವ ಫೆಡೆರಿಕೊ ಪೆನ್ಯಾ, ಈ ಪಿಕಪ್‌ಗಳಲ್ಲಿ ಸುರಕ್ಷತಾ ದೋಷವಿದೆ ಎಂಬ ಪ್ರಾಥಮಿಕ ತೀರ್ಮಾನವನ್ನು ಪ್ರಕಟಿಸಿದರು. ಡಿಸೆಂಬರ್‌ನಲ್ಲಿ ರಾಜಿಯಾಯಿತು: ಕಂಪನಿ ಸುರಕ್ಷತಾ ಕಾರ್ಯಕ್ರಮಗಳಿಗೆ 5.1 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಡುವುದು, ವಾಹನಗಳನ್ನು ವಾಪಸ್ ಕರೆಸುವುದು ಬೇಡ. ಲಕ್ಷಾಂತರ ಪಿಕಪ್‌ಗಳು ಅದೇ ಟ್ಯಾಂಕಿನೊಂದಿಗೆ ಓಡುತ್ತಲೇ ಉಳಿದವು. ಎನ್‌ಬಿಸಿಯ ಕಿಡಿ ಇಲ್ಲದಿದ್ದರೆ ವಾಪಸಾತಿ ಆಗಿಯೇ ಆಗುತ್ತಿತ್ತು ಎಂದು ಹೇಳಲಾಗದು. ರಾಜಿಗೆ ಕಾನೂನಿನ ಕಾರಣಗಳೂ ಇದ್ದವು. ಆದರೆ ಬೇಡಿಕೆಗೆ ಬಲವಾಗಿ ನಿಲ್ಲಬೇಕಿದ್ದ ಪತ್ರಿಕೆಗಳ ದನಿ ಅತ್ಯಂತ ಅಗತ್ಯವಾದ ಸಮಯದಲ್ಲಿ ಉಡುಗಿಹೋಗಿತ್ತು ಎಂಬುದು ಸ್ಪಷ್ಟ. ಆರೋಪಿಯ ಸ್ಥಾನದಲ್ಲಿದ್ದ ಕಂಪನಿ ಒಂದೇ ದಿನದಲ್ಲಿ ದೂರುದಾರನ ಸ್ಥಾನಕ್ಕೆ ಬಂದಿತ್ತು.

ಇದಕ್ಕೆ ಎದುರಾಗಿ ಹೇಳುವ ಮಾತೊಂದಿದೆ: ಪಿಕಪ್ ಅಪಾಯಕಾರಿ ಎಂಬುದು ನಿಜವಾದ ಮೇಲೆ ದೃಶ್ಯದಲ್ಲಿ ಸ್ವಲ್ಪ ಕೈವಾಡವಾದರೆ ಏನು, ಜೀವ ಉಳಿಸುವ ಎಚ್ಚರಿಕೆಗಿಂತ ವಿಧಾನ ದೊಡ್ಡದೇ? ಈ ವಾದದ ಹಿಂದಿನ ಕಳಕಳಿಯನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ದೋಷ ನಿಜವಾಗಿದ್ದರೆ ಕೃತಕ ಕಿಡಿಯ ಅಗತ್ಯವೇ ಇರಲಿಲ್ಲ. ಡೇಟ್‌ಲೈನ್ ಕೈಯಲ್ಲಿ ಹದಿನಾಲ್ಕು ನಿಮಿಷಗಳಷ್ಟು ಗಟ್ಟಿ ಸಾಮಗ್ರಿ ಇತ್ತು. ನಂಬಿಕೆಯನ್ನು ಕಳೆದದ್ದು ಉಳಿದ ಒಂದು ನಿಮಿಷ. ಸತ್ಯದ ಪರವಾಗಿ ಸುಳ್ಳು ಸಾಕ್ಷಿ ತಂದವನು ಎದುರಾಳಿಗೆ ಸುಲಭದ ಉತ್ತರವನ್ನು ತಾನೇ ಒದಗಿಸುತ್ತಾನೆ: ಆ ಸಾಕ್ಷಿಯನ್ನು ಮುರಿದರೆ ಸಾಕು, ಉಳಿದ ಸಾಕ್ಷಿಗಳಿಗೆ ಉತ್ತರ ಕೊಡಬೇಕಾಗಿಲ್ಲ. ಪಿಂಟೊ ವಿಷಯದಲ್ಲೂ ಹೀಗೇ. 27 ಜನರ ಸಾವು ಸಣ್ಣದೆಂದು ಯಾರು ಹೇಳಿಯಾರು? ಅದನ್ನು 500 ಎಂದು ಬರೆದಾಗ ಚರ್ಚೆ ಸತ್ತವರನ್ನು ಬಿಟ್ಟು ಅಂಕಿಯ ಸುತ್ತ ತಿರುಗತೊಡಗಿತು. ಈ ಉತ್ಪ್ರೇಕ್ಷೆಯನ್ನು ತೋರಿಸಿ ಇಡೀ ಪ್ರಕರಣವನ್ನೇ ಕಟ್ಟುಕಥೆ ಎನ್ನುವವರು ಹುಟ್ಟಿಕೊಂಡರು.

ವಾಹನ ಕಂಪನಿಗಳ ಬಳಿ ವಕೀಲರಿದ್ದಾರೆ, ಪ್ರಯೋಗಾಲಯಗಳಿವೆ, ಜಾಹೀರಾತಿನ ಹಣವಿದೆ. ಪತ್ರಕರ್ತ ಒಂದೊಂದು ಅಂಕಿಗೂ ತಿದ್ದುಪಡಿ ಹಾಕುತ್ತ ಕೂತರೆ ಬಲವಂತನ ಕೈ ಇನ್ನಷ್ಟು ಬಲವಾಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಕಂಪನಿಗಳು ಸುಳ್ಳು ಹೇಳಿದ ದಾಖಲೆಗಳೂ ಕಡಿಮೆಯಿಲ್ಲ. ಇದೇ ಕಾರಣಕ್ಕೆ ತಿದ್ದುವ ಕೆಲಸ ಸುದ್ದಿಮನೆಯ ಒಳಗೇ ನಡೆಯಬೇಕು ಎನ್ನುವುದು ನನ್ನ ವಾದ. ಒಳಗೆ ತಿದ್ದದೆ ಬಿಟ್ಟ ತಪ್ಪು ಹೊರಗೆ ಯಾರ ಕೈಗೆ ಸಿಗುತ್ತದೆ ಎಂದು ನೋಡಿ. ಪಿಂಟೊದ ಟಿಪ್ಪಣಿಯನ್ನು ತಿದ್ದಿದವರು ಪ್ರಾಧ್ಯಾಪಕರು, 14 ವರ್ಷ ತಡವಾಗಿ, ಸಾಮಾನ್ಯ ಓದುಗರ ಕಣ್ಣಿಗೆ ಬೀಳದ ಕಡೆ. ಔಡಿಯ ಪೆಡಲನ್ನು ತಿದ್ದಿದವರು ಸರ್ಕಾರಿ ಎಂಜಿನಿಯರುಗಳು, ಮೂರು ವರ್ಷ ತಡವಾಗಿ. ಪಿಕಪ್‌ನ ಕಿಡಿಯನ್ನು ಬಯಲಿಗೆಳೆದದ್ದು ಆರೋಪ ಹೊತ್ತ ಕಂಪನಿ, ತನಗೆ ಬೇಕಾದ ದಿನ, ತನಗೆ ಬೇಕಾದ ವೇದಿಕೆಯಲ್ಲಿ, ತನಗೆ ಬೇಡದ್ದನ್ನು ಪಕ್ಕಕ್ಕಿಟ್ಟು. ಟ್ಯಾಂಕ್ ಚೌಕಟ್ಟಿನ ಹೊರಗೇಕಿತ್ತು ಎಂಬ ಪ್ರಶ್ನೆಯನ್ನು ಉಳಿಸಿಕೊಂಡು ಕಿಡಿಯನ್ನು ಮಾತ್ರ ಹಿಂಪಡೆಯುವ ತಿದ್ದುಪಡಿ ಬರೆಯಬಲ್ಲವರು ಎನ್‌ಬಿಸಿಯವರು ಮಾತ್ರ. ಆ ಅವಕಾಶ ಅವರ ಕೈಯಲ್ಲಿ ಮೂರು ತಿಂಗಳು ಇತ್ತು.

ದೃಶ್ಯವಿಲ್ಲದೆ ಜನರಿಗೆ ಅಪಾಯ ಮನದಟ್ಟಾಗುವುದಿಲ್ಲ ಎನ್ನುವುದೂ ಸುಳ್ಳಲ್ಲ. ಆದರೆ ದೃಶ್ಯಕ್ಕೆ ಷರತ್ತುಗಳನ್ನು ಹೇಳುವುದು ಕಷ್ಟವೇನಲ್ಲ. ಬೆಂಗಳೂರಿನ ರೇವಾ ವಿದ್ಯುತ್ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಮಾರಾಟವಾಗುತ್ತಿದ್ದಾಗ, 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ಅದನ್ನು ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯದಲ್ಲಿ ಢಿಕ್ಕಿ ಪರೀಕ್ಷೆಗೆ ಒಡ್ಡಿತು. ವೇಗ ಗಂಟೆಗೆ 64 ಕಿ.ಮೀ., ಕಾರುಗಳಿಗೆ ಯುರೋಪಿನಲ್ಲಿ ಆಗ ಬಳಸುತ್ತಿದ್ದ ಮಟ್ಟ, ಫಲಿತಾಂಶ ಕಳವಳಕಾರಿಯಾಗಿತ್ತು. ಜಿ-ವಿಜ್ ಕಾನೂನಿನ ಪ್ರಕಾರ ಕಾರೇ ಅಲ್ಲ, ಕ್ವಾಡ್ರಿಸೈಕಲ್ ವರ್ಗದ್ದು, ಅದಕ್ಕೆ ಆ ಪರೀಕ್ಷೆ ಕಡ್ಡಾಯವಲ್ಲ; ನಗರದೊಳಗೆ ನಿಧಾನ ಓಡುವ ವಾಹನಕ್ಕೆ ಈ ಮಟ್ಟ ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಕೇಳಲು ಸಾಧ್ಯವಾಗುವುದು ವೇಗವೂ ಸ್ಥಳವೂ ಗೊತ್ತಿರುವುದರಿಂದ. ವಿಧಾನ ಬಯಲಲ್ಲಿದ್ದರೆ ಭಿನ್ನಾಭಿಪ್ರಾಯ ಕೂಡ ಉಪಯೋಗಕ್ಕೆ ಬರುತ್ತದೆ.

ತಪ್ಪು ಒಪ್ಪಿಕೊಂಡರೆ ಓದುಗರ ನಂಬಿಕೆ ಹೋಗುತ್ತದೆ ಎಂಬ ಭಯಕ್ಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯ ಉದಾಹರಣೆ ಸಾಕು. ಜಾಹೀರಾತು ಪಡೆಯದ ಈ ಪತ್ರಿಕೆಗೆ ತನ್ನ ಪರೀಕ್ಷೆಗಳ ಮೇಲಿನ ಭರವಸೆಯೇ ಆಸ್ತಿ. ಕಾರಿನಲ್ಲಿ ಕೂಸುಗಳನ್ನು ಕೂರಿಸುವ 12 ಸೀಟುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ವಿಫಲವಾದವು ಎಂದು ಅದು 2007ರ ಜನವರಿ 4ರಂದು ಪ್ರಕಟಿಸಿತು. ಹೆತ್ತವರು ಗಾಬರಿಗೊಂಡರು. ಪಕ್ಕದ ಢಿಕ್ಕಿಯ ಪರೀಕ್ಷೆ ಗಂಟೆಗೆ 38 ಮೈಲಿ ವೇಗದ್ದೆಂದು ಪತ್ರಿಕೆ ಬರೆದಿತ್ತು. ಸುರಕ್ಷತಾ ಸಂಸ್ಥೆ ಪರಿಶೀಲಿಸಿದಾಗ ಅದು 70 ಮೈಲಿಗೂ ಮೀರಿದ ವೇಗದ ಹೊಡೆತಕ್ಕೆ ಸಮನಾಗಿತ್ತು ಎಂದು ತಿಳಿಯಿತು. ಜನವರಿ 18ಕ್ಕೆ ಪತ್ರಿಕೆ ಇಡೀ ವರದಿಯನ್ನು ಹಿಂಪಡೆಯಿತು. ಅಷ್ಟಕ್ಕೇ ನಿಲ್ಲದೆ, ಹೊರಗಿನ ತಜ್ಞರಿಂದ ವಿಚಾರಣೆ ನಡೆಸಿ, ತಪ್ಪು ಎಲ್ಲಿ ನುಸುಳಿತು ಎಂಬುದನ್ನು ಓದುಗರ ಮುಂದಿಟ್ಟಿತು. ಸುಳಿವು ಹೊರಗಿನಿಂದ ಬಂದದ್ದು ನಿಜ. ಆದರೆ ದಾವೆ ಬೀಳುವವರೆಗೆ ಅದು ಕಾಯಲಿಲ್ಲ, ಎರಡು ವಾರ ಸಾಕಾಯಿತು. ಹೆತ್ತವರು ಕೂಸಿನ ಸೀಟನ್ನು ಬಿಸಾಡಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರೆ ಆಗುತ್ತಿದ್ದ ಅಪಾಯ ಸಣ್ಣದಲ್ಲ. ಆ ಪತ್ರಿಕೆಯ ಕಾರು ಪರೀಕ್ಷೆಗಳನ್ನು ಕೊಳ್ಳುವವರು ಇಂದಿಗೂ ಓದುತ್ತಾರೆ.

ಹಾಗಿದ್ದೂ ಹಳೆಯ ಚಾಳಿ ಬಿಡಲಿಲ್ಲ. 2010ರ ಫೆಬ್ರವರಿಯಲ್ಲಿ, ಟೊಯೊಟಾ ಕಾರುಗಳು ತಾವಾಗಿಯೇ ಧಾವಿಸುತ್ತವೆ ಎಂಬ ದೂರುಗಳ ನಡುವೆ, ಎಬಿಸಿ ವಾಹಿನಿ ಪ್ರಾಧ್ಯಾಪಕರೊಬ್ಬರು ಎಲೆಕ್ಟ್ರಾನಿಕ್ ತಂತಿಗಳನ್ನು ಕೂಡಿಸಿ ಕಾರನ್ನು ವೇಗಕ್ಕೇರಿಸುವುದನ್ನು ತೋರಿಸಿತು. ಎಂಜಿನ್ ಸುತ್ತಿನ ಮುಳ್ಳು ಸರ್ರನೆ ಮೇಲೇರುವ ಒಂದು ತುಣುಕೂ ಅದರಲ್ಲಿತ್ತು. ಚಿತ್ರವನ್ನು ತಡೆದು ನಿಲ್ಲಿಸಿ ನೋಡಿದವರಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಬಾಗಿಲು ತೆರೆದಿದೆ, ಬ್ರೇಕ್ ಹಾಕಿದೆ ಎಂಬ ದೀಪಗಳು ಕಂಡವು, ಕಾರು ನಿಂತಿತ್ತು. ಓಡುತ್ತಿದ್ದ ಕಾರಿನ ದೃಶ್ಯಕ್ಕೆ ಅದನ್ನು ಸೇರಿಸಿದ್ದು ತಪ್ಪೆಂದು ವಾಹಿನಿ ಒಪ್ಪಿ ಮಾರ್ಚ್‌ನಲ್ಲಿ ತುಣುಕನ್ನು ಬದಲಿಸಿತು. 2011ರಲ್ಲಿ ನಾಸಾ ಎಂಜಿನಿಯರುಗಳು ಸುರಕ್ಷತಾ ಸಂಸ್ಥೆಗಾಗಿ ನಡೆಸಿದ ಅಧ್ಯಯನಕ್ಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ. ಸಿಕ್ಕಿದ್ದ ಕಾರಣಗಳು ಹೆಚ್ಚು ಸಾದಾ: ಆಕ್ಸಿಲರೇಟರ್ ಅಡಿಗೆ ಸಿಕ್ಕಿಕೊಳ್ಳುವ ನೆಲಹಾಸು, ಒತ್ತಿದಲ್ಲೇ ಅಂಟಿ ನಿಲ್ಲುವ ಪೆಡಲ್. ಅವುಗಳ ಬಗ್ಗೆ ಗ್ರಾಹಕರನ್ನು ತಪ್ಪುದಾರಿಗೆಳೆದದ್ದಕ್ಕಾಗಿ ಟೊಯೊಟಾ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಿತು. ನೆಲಹಾಸನ್ನು ಎತ್ತಿ ನೋಡಲು, ಪೆಡಲ್ ಅಂಟುವುದನ್ನು ಚಿತ್ರೀಕರಿಸಲು ಯಾವ ಕೃತಕ ತಂತಿಯೂ ಬೇಕಾಗಿರಲಿಲ್ಲ.